ಬೂದಿ ಬರುವ ಮುನ್ನ

ಕಿಟಕಿಯ ಸಂದಿಗೆ ಅಂಟಿಸಿದ ನೀಲಿ ಟೇಪು ಮತ್ತೆ ಸುರುಟಿಕೊಂಡು ಕೆಳಗೆ ಬಿತ್ತು. ಸ್ಟೂಲಿನ ಮೇಲೆ ನಿಂತಿದ್ದ ಮಧುರಾ ಅದನ್ನು ಎತ್ತಿಕೊಳ್ಳದೆ ಸುಮ್ಮನೆ ನೋಡಿದಳು. ಬೂದಿಯನ್ನು ಹೊರಗಿಡಲೆಂದು ಶುರು ಮಾಡಿದ ಕೆಲಸ ಬೆಳಗಿನಿಂದ ಯಾಕೋ ಏನನ್ನೋ ಬಚ್ಚಿಡುವ ಕೆಲಸದಂತೆ ಅನ್ನಿಸತೊಡಗಿತ್ತು. ಜುಲೈಯಲ್ಲಿ ರೇನಿಯರ್ ಜ್ವಾಲಾಮುಖಿ ಪರ್ವತದ ಒಡಲೊಳಗೆ ಸಣ್ಣ ಸಣ್ಣ ನಡುಕಗಳು ಒಂದರ ಹಿಂದೊಂದು ಎದ್ದಿದ್ದವು; ಗಾಬರಿಪಡುವಂಥದ್ದೇನೂ ಇಲ್ಲ, ಬೆಟ್ಟ ಆಗಾಗ ಹೀಗೆ ಮಗ್ಗುಲು ಬದಲಿಸುತ್ತದೆ ಎಂದು ತಿಳಿದವರು ಹೇಳಿದ್ದರು. ಊರೆಲ್ಲ ಎರಡು ದಿನ ಅದೇ ಮಾತಾಡಿ ಮರೆತಿತ್ತು. ಮರೆಯದೆ ಉಳಿದವಳು ಸಿಯಾಟಲಿನ ಪಕ್ಕದ ಶೋರ್‌ಲೈನಿನ ಈ ಮನೆಯಲ್ಲಿ ಮಧುರಾ ಒಬ್ಬಳೇ. ಅವಳು ನೀರಿನ ಕ್ಯಾನು ತಂದಳು, ಮಾಸ್ಕು ತಂದಳು, ಗಾಳಿ ಬರುವ ಕಿಂಡಿಗಳಿಗೆ ಪ್ಲಾಸ್ಟಿಕ್ಕಿನ ಹಾಳೆ ಅಳತೆ ಮಾಡಿ ಕತ್ತರಿಸಿದಳು. ಇವತ್ತು ಸೋಮವಾರ ಲ್ಯಾಬಿಗೆ ರಜೆ ಹಾಕಿ ಕಿಟಕಿಗಳ ಪರೀಕ್ಷೆಗೆ ನಿಂತಿದ್ದಳು. ಬೆಳಿಗ್ಗೆ ಬೆಲ್ವ್ಯೂದ ಆಫೀಸಿಗೆ ಹೊರಟಿದ್ದ ಜಯಂತ್ ಬಾಗಿಲಲ್ಲಿ ನಿಂತು ನಕ್ಕಿದ್ದ. "ಗಾಳಿ ಪೂರ್ವಕ್ಕೆ ಬೀಸುತ್ತೆ ಕಣೇ. ಬೂದಿ ಬಿದ್ರೆ ಆ ಕಡೆ ಸೇಬಿನ ತೋಟಗಳ ಮೇಲೆ ಬೀಳುತ್ತೆ. ನಮ್ಮನೆಗ್ಯಾಕೆ ಬರುತ್ತೆ?"

"ವರ್ಷದಲ್ಲಿ ಒಂದಷ್ಟು ದಿನ ಈ ಕಡೆಗೂ ಬೀಸುತ್ತಂತೆ."

"ಆ ದಿನಾನೇ ನೋಡ್ಕೊಂಡು ಬೆಟ್ಟ ಸಿಡಿಯುತ್ತಾ?"

ಅವನ ನಗೆಯಲ್ಲಿ ಕುಹಕವಿರಲಿಲ್ಲ. ಹೆಂಡತಿಗೆ ಒಂದು ಹವ್ಯಾಸ ಸಿಕ್ಕಿತಲ್ಲ ಎಂಬ ಸಮಾಧಾನವೇ ಇತ್ತು. ಹವ್ಯಾಸವಲ್ಲ ಎಂದು ಅವನಿಗೆ ಹೇಳುವುದು ಹೇಗೆ? ಮದುವೆಯಾಗಿ ಎರಡು ವರ್ಷವಾದರೂ ಈ ಮನೆಯ ಕಪಾಟುಗಳನ್ನು ಅವಳು ಹೆದರಿ ಹೆದರಿಯೇ ತೆರೆಯುತ್ತಿದ್ದಳು. ಸಾಸಿವೆ ಎಡಕ್ಕೆ, ಜೀರಿಗೆ ಬಲಕ್ಕೆ, ಹಾಸಿಗೆಯ ವಸ್ತ್ರಗಳು ಬಣ್ಣದ ಪ್ರಕಾರ. ಪೂರ್ಣಿಮಾ ಹಾಕಿಟ್ಟ ಕ್ರಮ. ಪೂರ್ಣಿಮಾ, ಜಯಂತನ ಮೊದಲ ಹೆಂಡತಿ, ಧಾರವಾಡದವಳು, ಕಾಯಿಲೆಯಿಂದ ತೀರಿಕೊಂಡು ನಾಲ್ಕು ವರ್ಷ. ಗೋಡೆಯ ಮೇಲೆ ಅವಳ ಫೋಟೋ ಒಂದೇ ಇತ್ತು, ಆದರೆ ಮನೆಯೊಳಗಿನ ಕೈ ಅವಳದೇ. ಜ್ವಾಲಾಮುಖಿಯ ನೆಪ ಸಿಕ್ಕ ಮೇಲೆ ಮಧುರಾ ಮೊದಲ ಸಲ ಎಲ್ಲ ಕಪಾಟುಗಳನ್ನೂ ಧೈರ್ಯವಾಗಿ ತೆರೆದಳು. ಯಾವ ಬಾಗಿಲ ಕೆಳಗೆ ಗಾಳಿ ನುಸುಳುತ್ತದೆ, ಯಾವ ಕಿಟಕಿ ಪೂರ್ತಿ ಮುಚ್ಚುವುದಿಲ್ಲ ಎಂದು ಈ ಮನೆಯ ಬಗ್ಗೆ ಪೂರ್ಣಿಮಾಗೂ ಗೊತ್ತಿರದ ಸಂಗತಿಗಳು ಈಗ ಅವಳಿಗೆ ಗೊತ್ತಿದ್ದವು. ಆದರೂ ಬಾಗಿಲ ಸಂದಿಗೆ ಒದ್ದೆ ಬಟ್ಟೆ ಸುರುಳಿ ಸುತ್ತಿಡಬೇಕಾಗಿ ಬಂದಾಗ ಕಪಾಟಿನಲ್ಲಿದ್ದ ದಪ್ಪ ಟವೆಲುಗಳಿಗೆ ಕೈ ಹಾಕಿ ಹಿಂದೆಗೆದಿದ್ದಳು. ತನ್ನದೇ ಒಂದು ಹಳೆಯ ಕಾಟನ್ ಸೀರೆಯನ್ನು ಹರಿದು ನಾಲ್ಕು ಸುರುಳಿ ಮಾಡಿದಳು. ಹರಿಯುವಾಗ ಬಂದ ಸದ್ದಿನಲ್ಲಿ ಏನೋ ಒಂದು ಸುಖವೂ ಇತ್ತು.

ಬಚ್ಚಿಡಬೇಕಾಗಿದ್ದದ್ದು ಇದ್ಯಾವುದೂ ಅಲ್ಲ. ಅದು ಎರಡು ವಾರದ ಹಿಂದೆ ಲೈಬ್ರರಿಯ ಹಾಲಿನಲ್ಲಿ ನಡೆದದ್ದು, ನಡೆದದ್ದು ಎನ್ನುವಷ್ಟೂ ದೊಡ್ಡದಲ್ಲ. ಆಪತ್ತಿಗೆ ಮನೆ ಸಜ್ಜು ಮಾಡಿಕೊಳ್ಳುವುದು ಹೇಗೆಂದು ಹೇಳಿಕೊಡುವ ಒಂದು ಸಂಜೆಯ ತರಗತಿ. ಬೆಳ್ಳಿಗೂದಲಿನ ಗಟ್ಟಿಮುಟ್ಟಾದ ಹೆಂಗಸೊಬ್ಬರು ಬೂದಿ ಅಂದರೆ ಒಲೆಯ ಬೂದಿಯಂತೆ ಮೆತ್ತಗಿರುವುದಿಲ್ಲ, ಪುಡಿಯಾದ ಗಾಜಿನಂತೆ ಇರುತ್ತದೆ ಎಂದು ವಿವರಿಸಿದರು. ಕೊನೆಗೆ ಎಲ್ಲರೂ ಕಣ್ಣು ಮುಚ್ಚಿ ಎಂದರು. ನಿಮ್ಮ ಮನೆ ಬಿಟ್ಟು ಹೊರಡುವ ಹೊತ್ತು ಬಂದಿದೆ, ಹೊರಡಿ, ಏನೇನು ತಗೊಂಡಿರಿ, ಯಾರ್‍ಯಾರು ಕಾರಿನಲ್ಲಿದ್ದಾರೆ, ನೋಡಿ. ಮಧುರಾ ವಿಧೇಯಳಾಗಿ ಕಣ್ಣು ಮುಚ್ಚಿದಳು. ಒಳಗಿನ ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ಅವಳಿಗೇ ಖುಷಿಯಾಯಿತು. ಪಕ್ಕದ ಸೀಟಿನಲ್ಲಿ ಜಯಂತ್, ಅವನ ಥೈರಾಯ್ಡ್ ಮಾತ್ರೆ, ನೀರಿನ ಕ್ಯಾನು, ಅಕ್ಕಿ. ಹಿಂದಿನ ಸೀಟಿನಲ್ಲಿ ತುಳಸಿ ಕುಂಡ, ಉರುಳದಂತೆ ಅದಕ್ಕೊಂದು ಬೆಲ್ಟು. ಕಾರು ಗೇರು ಬದಲಿಸಿ ಹೊರಟೇಬಿಟ್ಟಿತು. ಕಣ್ಣು ತೆರೆಯಿರಿ ಎಂದರು ಆ ಹೆಂಗಸು. ಸಾಮಾನ್ಯವಾಗಿ ಎಲ್ಲರೂ ಮರೆಯುವುದು ಬೆಕ್ಕನ್ನು, ಎಂದರು. ಹಾಲಿನಲ್ಲಿದ್ದವರೆಲ್ಲ ನಕ್ಕರು, ಮಧುರಾ ಕೂಡ ನಕ್ಕಳು. ನಗು ಮುಗಿಯುವಷ್ಟರಲ್ಲಿ ಅವಳಿಗೆ ಹೊಳೆಯಿತು. ತುಳಸಿ ಕುಂಡ ಕೂತಿದ್ದ ಜಾಗ ಮೈತ್ರಿಯದು.

ಜಯಂತ್ ಮತ್ತು ಪೂರ್ಣಿಮಾರ ಮಗಳು, ಹದಿಮೂರು ವರ್ಷದ ಮೈತ್ರಿ. ಆ ಚಿತ್ರದಲ್ಲಿ ಅವಳು ಮನೆಯ ಮಹಡಿಯಲ್ಲೇ ಉಳಿದುಬಿಟ್ಟಿದ್ದಳು, ಬಹುಶಃ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು. ಕನಸಾಗಿದ್ದರೆ ಕನಸು ಎಂದು ತಳ್ಳಿಹಾಕಬಹುದಿತ್ತು. ಆದರೆ ಮಧುರಾ ಎಚ್ಚರವಾಗಿದ್ದಳು, ಜಾಗರೂಕಳಾಗಿದ್ದಳು, ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಬೇಕೆಂಬ ತನ್ನ ಹಳೆಯ ಚಟದಂತೆ ಎಲ್ಲವನ್ನೂ ಎಣಿಸಿ ಎಣಿಸಿ ತುಂಬಿದ್ದಳು. ತುಳಸಿಗೆ ಬೆಲ್ಟು ಹಾಕುವಷ್ಟು ಪುರಸೊತ್ತಿತ್ತು. ಅವತ್ತಿನಿಂದ ಅವಳು ಹುಡುಗಿಯ ಜೊತೆ ಇನ್ನಷ್ಟು ನಯವಾದಳು. ಮೊದಲೇನೂ ನಯಕ್ಕೆ ಕೊರತೆಯಿರಲಿಲ್ಲ. ಈ ಮನೆಗೆ ಬಂದ ದಿನ ಮೈತ್ರಿ ಅವಳಿಗೆ ಚಮಚಗಳ ಡ್ರಾಯರು ಯಾವುದು, ಬಿಸಿನೀರಿನ ನಲ್ಲಿ ಯಾವ ಕಡೆ ತಿರುಗಿಸಬೇಕು ಎಂದು ತೋರಿಸಿದ್ದಳು, ಹೋಟೆಲಿನವರು ತೋರಿಸುವಂತೆ. ಆಂಟಿ ಅನ್ನು ಎಂದು ಜಯಂತ್ ಹೇಳಿದಾಗ ನನಗೆ ತುಂಬಾ ಜನ ಆಂಟಿಯರಿದ್ದಾರೆ ಎಂದು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಮಧುರಾ ಎಂದೇ ಕರೆದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ. ಮಧುರಾ ಅವಳನ್ನು ಅತಿಥಿಗಳ ಮಗುವಿನಂತೆ ಮಾತಾಡಿಸುತ್ತಿದ್ದಳು. ಊಟ ಮಾಡ್ತೀಯಾಮ್ಮ, ಬಾಗಿಲು ಹಾಕ್ಕೊಳ್ಲಾಮ್ಮ, ತೊಂದ್ರೆ ಆಯ್ತಾಮ್ಮ. ಒಮ್ಮೆ ಹುಡುಗಿ ಒದ್ದೆ ಟವೆಲನ್ನು ತಂದು ಅವಳ ಕಾಗದಗಳ ಮೇಲೆ ಎಸೆದು ಹೋದಾಗ ಮಸಿ ಹರಡಿ ಮೂರು ವಾರದ ಕೆಲಸ ಕೆಟ್ಟಿತ್ತು. ಮಧುರಾ ಟವೆಲನ್ನು ಮಡಿಸಿ ಒಣಗಲು ಹಾಕಿದಳು, ಅಷ್ಟೇ. ಬೈಯುವುದಕ್ಕೆ ಒಂದು ಹಕ್ಕು ಬೇಕು. ನಲವತ್ತು ದಾಟುವವರೆಗೆ ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಬಡಾವಣೆಯ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದು ರೂಢಿಯಾದವಳಿಗೆ ಆ ಹಕ್ಕು ಎಲ್ಲಿಂದ ಸಿಗುತ್ತದೆ, ಯಾರು ಕೊಡುತ್ತಾರೆ ಎನ್ನುವುದೇ ಗೊತ್ತಿರಲಿಲ್ಲ.

ಫೋನು ಕೂಗಿತು. ಜಯಂತ್.

"ಮಧು, ಒಂದು ಹೆಲ್ಪು. ನಾನಿಲ್ಲಿ ಮೀಟಿಂಗಲ್ಲಿ ಸಿಕ್ಕಾಕ್ಕೊಂಡೆ. ಮೈತ್ರಿ ಕ್ಯಾಂಪು ಇವತ್ತು ಮಧ್ಯಾಹ್ನಕ್ಕೇ ಮುಗಿಯುತ್ತೆ. ನೀನು ಪಿಕಪ್ ಮಾಡ್ತೀಯಾ? ತೊಂದ್ರೆ ಇಲ್ಲ ತಾನೆ?"

ತೊಂದರೆ ಇಲ್ಲ ತಾನೆ ಎಂಬುದು ಈ ಮನೆಯ ಎಲ್ಲರಿಗೂ ಅಂಟಿದ ಮಾತು. "ಕ್ಯಾಂಪಿರೋದು ಎಲ್ಲಿ?" ಎಂದು ಕೇಳಿದಳು. ಕೇಳಿದ ಮೇಲೆ ನಾಚಿಕೆಯಾಯಿತು. ವಾರವಿಡೀ ಹುಡುಗಿ ಮಲಗಿದ್ದ ಊರಿನ ಹೆಸರು ಅವಳಿಗೆ ಗೊತ್ತಿರಲಿಲ್ಲ.

"ಆರ್ಟಿಂಗ್. ಅಲ್ಲೊಂದು ತರಕಾರಿ ತೋಟ. ಅಡ್ರೆಸ್ ಕಳಿಸ್ತೀನಿ."

"ಆರ್ಟಿಂಗಾ? ಅದು ಬೆಟ್ಟದ ಕೆಳಗೇ ಅಲ್ವಾ?"

"ಕೆಳಗೆ ಅಂದ್ರೆ, ಕಣಿವೆ. ಚೆನ್ನಾಗಿದೆ ಊರು," ಎಂದು ಜಯಂತ್ ಅವಸರದಲ್ಲಿ ಫೋನು ಇಟ್ಟುಬಿಟ್ಟ.

ಬೂದಿಯನ್ನು ಗಾಳಿ ಪೂರ್ವಕ್ಕೆ ಒಯ್ಯಬಹುದು. ಕೆಸರನ್ನು ಯಾವ ಗಾಳಿಯೂ ಒಯ್ಯುವುದಿಲ್ಲ. ಬೆಟ್ಟದ ತಲೆಯ ಮೇಲಿನ ಹಿಮ ಕರಗಿ, ಮಣ್ಣನ್ನೂ ಬಂಡೆಗಳನ್ನೂ ಬುಡಸಮೇತ ಮರಗಳನ್ನೂ ಎಳೆದುಕೊಂಡು ನದಿಯ ಪಾತ್ರದಲ್ಲಿ ಇಳಿದು ಬರುತ್ತದೆ ಎಂದು ಆ ಬೆಳ್ಳಿಗೂದಲಿನ ಹೆಂಗಸು ಹೇಳಿದ್ದರು. ಶೋರ್‌ಲೈನಿನವರಿಗೆ ಆ ಭಯವಿಲ್ಲ, ಕಣಿವೆಯ ಊರುಗಳಿಗೆ ಇದೆ, ಅಲ್ಲಿ ಸೈರನ್ ಕೂಗಿದರೆ ಕಾರು ಬಿಟ್ಟು ನಡೆದೇ ಎತ್ತರಕ್ಕೆ ಹತ್ತಬೇಕು, ಎಂದು ಒಂದು ಮಾತಿನಲ್ಲಿ ಮುಗಿಸಿದ್ದರು. ಮನೆಯ ಒಂದೊಂದು ಕಿಂಡಿಗೂ ಪ್ಲಾಸ್ಟಿಕ್ ಕತ್ತರಿಸುತ್ತ ಕೂತವಳು ಹುಡುಗಿಯನ್ನು ನದಿಯ ದಡಕ್ಕೆ ಕಳಿಸಿದ್ದಳು. ಕಳಿಸಿದ್ದು ತಾನಲ್ಲ, ಜಯಂತ್ ಎಂದು ಮನಸ್ಸು ಕೂಡಲೇ ಹೇಳಿತು. ಆ ಕೂಡಲೇ ಎನ್ನುವುದೇ ಅವಳನ್ನು ಚುಚ್ಚಿತು. ಹಾಕಿಕೊಂಡಿದ್ದ ಮನೆಯ ಚಪ್ಪಲಿಯಲ್ಲೇ ಕಾರು ಹತ್ತಿದಳು.

ಹೈವೇಯಲ್ಲಿ ಸಿಯಾಟಲಿನ ಗಗನಚುಂಬಿಗಳು ಬಂದು ಹಿಂದೆ ಸರಿದವು. ಒಂದು ತಿರುವಿನಲ್ಲಿ ಬೆಟ್ಟ ಇದ್ದಕ್ಕಿದ್ದಂತೆ ಎದುರಿಗೆ ನಿಂತಿತು. ಇಲ್ಲಿಯವರು ಮೋಡವಿಲ್ಲದ ದಿನ ಬೆಟ್ಟ ಹೊರಗೆ ಬಂದಿದೆ ಎನ್ನುತ್ತಾರೆ, ಮನೆಯಿಂದ ಹಿರಿಯರೊಬ್ಬರು ಜಗುಲಿಗೆ ಬಂದು ಕೂತರೇನೋ ಎಂಬಂತೆ. ಮಧುರಾಗೆ ಅದರ ಮೇಲೆ ಸಿಟ್ಟಿರಲಿಲ್ಲ. ಅದು ಸಿಡಿದರೂ ಯಾರ ಮೇಲೂ ಸಿಟ್ಟಿನಿಂದ ಸಿಡಿಯುವುದಿಲ್ಲ. ಯಾರನ್ನು ಮರೆತೆ, ಯಾರನ್ನು ನೆನೆದೆ ಎಂದು ಲೆಕ್ಕ ಕೇಳುವುದು ಅವಳ ಒಳಗಿದ್ದದ್ದೇ. ಹೋದ ಚಳಿಗಾಲದಲ್ಲಿ ಮೈತ್ರಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಲು ಹೋಗಿ, ಕೈ ಅರ್ಧಕ್ಕೆ ನಿಲ್ಲಿಸಿ, ಥರ್ಮಾಮೀಟರು ತಂದುಕೊಟ್ಟಿದ್ದಳು. ಹುಡುಗಿ ಕಣ್ಣು ಬಿಟ್ಟು, ಅರ್ಧಕ್ಕೆ ನಿಂತ ಆ ಕೈಯನ್ನು ನೋಡಿದ್ದಳು, ಥ್ಯಾಂಕ್ಸ್ ಎಂದಿದ್ದಳು. ಊರು ಹತ್ತಿರವಾದಂತೆ ರಸ್ತೆಯ ಪಕ್ಕದಲ್ಲಿ ನೀಲಿ ಫಲಕಗಳು ಕಾಣಿಸಿಕೊಂಡವು. ಹೊಗೆಯುಗುಳುವ ಬೆಟ್ಟ, ದಿಬ್ಬ ಹತ್ತಿ ಓಡುವ ಒಬ್ಬ ಮನುಷ್ಯ, ಒಂದು ಬಾಣದ ಗುರುತು. ಆ ಮನುಷ್ಯ ಒಬ್ಬನೇ ಓಡುತ್ತಿದ್ದ.

ತೋಟದ ಗೇಟಿನ ಹತ್ತಿರ ಮೇಜು ಹಾಕಿಕೊಂಡು ಕೂತಿದ್ದ ಹುಡುಗಿಗೆ ಇಪ್ಪತ್ತೂ ಇರಲಿಕ್ಕಿಲ್ಲ, ಬಿಸಿಲಿಗೆ ಮೂಗು ಕೆಂಪಾಗಿ ಸುಲಿದಿತ್ತು. ಮೈತ್ರಿಯ ಹೆಸರು ಹೇಳಿದಾಗ ಅವಳ ಮುಖ ಅರಳಿತು. "ಓ, ಮೈತ್ರಿ! ನೀವು ಅವಳಿಗೆ...?"

ಮಧುರಾ ಒಂದು ಕ್ಷಣ ತಡೆದಳು. "ಅವಳ ತಂದೆಯ ಹೆಂಡತಿ," ಎಂದಳು ಇಂಗ್ಲಿಷಿನಲ್ಲಿ. ಹೇಳಿದ ಮೇಲೆ ಕಿವಿಗೆ ಅದು ವಿಚಿತ್ರವಾಗಿ ಕೇಳಿಸಿತು, ಯಾರದೋ ಮನೆಯ ವಿಷಯವನ್ನು ಕದ್ದು ಹೇಳಿದಂತೆ. ಕೆಂಪು ಮೂಗಿನ ಹುಡುಗಿ ಮುಜುಗರದಿಂದ, ಕರೆದುಕೊಂಡು ಹೋಗಲು ಬರುವವರು ಅಂತ ನಮಗೆ ಕೊಟ್ಟಿರೋದು ಅವಳ ತಂದೆಯ ಹೆಸರು ಮಾತ್ರ, ಅವರಿಗೊಂದು ಫೋನ್ ಮಾಡಿ ಕೇಳ್ತೇನೆ, ಬೇಜಾರಿಲ್ಲ ತಾನೆ ಎಂದಳು. ಜಯಂತ್ ಎತ್ತಲಿಲ್ಲ. ಆಮೇಲೂ ಎತ್ತಲಿಲ್ಲ. ಮಧುರಾ ಒಂದು ಮರದ ಕೆಳಗಿನ ಬೆಂಚಿನಲ್ಲಿ ವಿಳಾಸ ತಪ್ಪಿದ ಪಾರ್ಸೆಲ್ಲಿನಂತೆ ಕೂತಳು. ಪಕ್ಕದಲ್ಲಿ ಇನ್ನೊಂದಷ್ಟು ತಂದೆತಾಯಿಯರು ತಮ್ಮ ಮಕ್ಕಳ ಹಾಸಿಗೆ ಸುರುಳಿಗಳನ್ನು ಕಾರಿಗೆ ತುಂಬುತ್ತಿದ್ದರು. ತೆಲುಗು ಮಾತಾಡುವ ಒಬ್ಬಾತ ಅವಳನ್ನು ನೋಡಿ ಪರಿಚಯದ ನಗೆ ನಕ್ಕ. ದೂರದಲ್ಲಿ, ತೋಟದ ಕೊನೆಗೆ ನದಿಯ ಬದಿಯಲ್ಲಿ, ಮೂರು ನಾಲ್ಕು ಮಕ್ಕಳು ಪೈಪು ಹಿಡಿದು ತರಕಾರಿ ಪೆಟ್ಟಿಗೆಗಳನ್ನು ತೊಳೆಯುತ್ತಿದ್ದರು. ಅವರಲ್ಲೊಬ್ಬಳು ಮೈತ್ರಿ. ಮೊಣಕೈವರೆಗೆ ಕೆಸರು. ಯಾರೋ ನೀರು ಚಿಮ್ಮಿಸಿದ್ದಕ್ಕೆ ಅವಳು ತಲೆ ಹಿಂದಕ್ಕೆ ಎಸೆದು, ಬಾಯಿ ಪೂರ್ತಿ ತೆರೆದು ನಗುತ್ತಿದ್ದಳು. ಆ ನಗುವನ್ನು ಮಧುರಾ ಎಂದೂ ನೋಡಿರಲಿಲ್ಲ. ಮನೆಯಲ್ಲಿ ಮೈತ್ರಿ ನಕ್ಕರೂ ತುಟಿ ಬಿಚ್ಚುತ್ತಿರಲಿಲ್ಲ. ಈ ಹುಡುಗಿಗೆ ಇಂಥ ನಗುವೂ ಇದೆ, ಅದನ್ನು ಮನೆಯೊಳಗೆ ತರದೆ ಬಾಗಿಲ ಹೊರಗೆ ಬಿಟ್ಟು ಬರುತ್ತಾಳೆ ಎಂದುಕೊಳ್ಳುತ್ತಿರುವಾಗ ಸೈರನ್ ಕೂಗಿತು.

ಮೊದಲು ಅದು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯಲಿಲ್ಲ. ಕಣಿವೆಯ ಒಂದು ತುದಿಯಲ್ಲಿ ಎದ್ದ ಸದ್ದಿಗೆ ಇನ್ನೊಂದು ತುದಿ ದನಿಗೂಡಿಸಿ, ಏರಿ, ಇಳಿದು, ಮತ್ತೆ ಏರಿ, ನೆಲವೇ ಕೂಗುತ್ತಿದೆ ಎಂಬಂತೆ ಅವಳ ಅಂಗಾಲಿಗೆ ತಾಗಿತು. ಬಲಗಡೆ ದಿಬ್ಬ. ದಿಬ್ಬದ ಕಡೆಗೆ ನೀಲಿ ಫಲಕ. ಮಧುರಾ ಅದನ್ನು ನೋಡಿದಳು, ಅದರ ಅರ್ಥವೂ ಆಯಿತು, ಮತ್ತು ಎಡಕ್ಕೆ ತಿರುಗಿ ನದಿಯ ಕಡೆಗೆ ಓಡಿದಳು. ಮೂಲಂಗಿಯ ಮಡಿಗಳನ್ನು ತುಳಿದಳು. ಒಂದು ಚಪ್ಪಲಿಯ ಪಟ್ಟಿ ಕಿತ್ತು ಕಾಲಿಂದ ಹಾರಿಹೋಯಿತು. ಅವಳ ಬಾಯಿಂದ ಬರುತ್ತಿದ್ದದ್ದು ಅವಳಿಗೇ ಕೇಳಿಸುತ್ತಿರಲಿಲ್ಲ, ಸೈರನ್ನಿನ ಕೆಳಗೆ ಗಂಟಲು ಹರಿಯುವಂತೆ ಕಿರುಚುತ್ತಿದ್ದಳು. "ಏ ಮೈತ್ರೀ! ಓಡೇ! ಏ ಕತ್ತೆ, ಹಾಗೇ ನಿಂತ್ಕೊಂಡ್ ನೋಡ್ತೀಯಲ್ಲೇ! ಬಾರೇ ಈ ಕಡೆ! ಓಡೇ!" ಮಕ್ಕಳು ಪೈಪು ಹಿಡಿದೇ ತಿರುಗಿ ನೋಡಿದರು. ಮೈತ್ರಿ ಬಾಯಿ ತೆರೆದು ಏನೋ ಹೇಳುತ್ತಿದ್ದಳು. ಮಧುರಾ ಅವಳ ರಟ್ಟೆ ಹಿಡಿದಳು. ಹಿಡಿದು ಎಳೆದದ್ದು ಎಷ್ಟು ಬಲವಾಗಿತ್ತೆಂದರೆ ತೊಳೆದಿಟ್ಟ ಪೆಟ್ಟಿಗೆಗಳ ಸಾಲು ಉರುಳಿ ಕ್ಯಾರೆಟ್ಟುಗಳು ಕೆಸರಿಗೆ ಚೆಲ್ಲಿದವು. ಹುಡುಗಿಯನ್ನು ಎಳೆದುಕೊಂಡು ಮಡಿಗಳ ನಡುವೆ ಅರ್ಧ ದೂರ ಬಂದಾಗ ಆ ಮಾತು ಕಿವಿಗೆ ಬಿತ್ತು.

"ಮಧುರಾ, ಸ್ಟಾಪ್! ಇಟ್ಸ್ ಅ ಟೆಸ್ಟ್! ಜಸ್ಟ್ ಅ ಟೆಸ್ಟ್!"

ಸೈರನ್ ತಾನಾಗಿ ಇಳಿದು ನಿಂತಿತು. ಕಣಿವೆಯಲ್ಲಿ ಕೋಳಿಯೊಂದರ ಸದ್ದು ಉಳಿಯಿತು. ತೋಟದವರು, ತಂದೆತಾಯಿಯರು, ಮಕ್ಕಳು ಎಲ್ಲರೂ ತಾವಿದ್ದಲ್ಲೇ ನಿಂತು ಅವಳನ್ನು ನೋಡುತ್ತಿದ್ದರು. ಒಂದು ಕಾಲಿಗೆ ಚಪ್ಪಲಿಯಿಲ್ಲದ, ಕೂದಲು ಬಿಚ್ಚಿದ, ಯಾರದೋ ಮಗುವಿನ ತೋಳನ್ನು ಹಿಡಿದುಕೊಂಡ ಹೆಂಗಸು. ತೆಲುಗಿನಾತ ಓಡಿಬಂದು ಮೆಲ್ಲಗೆ, ತುಂಬಾ ಮರ್ಯಾದೆಯಿಂದ, "ಟೆಸ್ಟ್ ಅಂಡಿ, ಮೇಡಂ. ಪ್ರತಿ ತಿಂಗಳೂ ಮೊದಲನೇ ಸೋಮವಾರ ಮಾಡ್ತಾರೆ. ನಾನೂ ಮೊದಲ ಸಲ ಹೆದರಿದ್ದೆ," ಎಂದು ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದ. ಅವನು ನಕ್ಕಿದ್ದರೆ ಸಹಿಸಬಹುದಿತ್ತು. ಮಧುರಾ ಉರುಳಿದ ಪೆಟ್ಟಿಗೆಗಳ ಹತ್ತಿರ ವಾಪಸು ಹೋಗಿ, ಬಗ್ಗಿ ಕ್ಯಾರೆಟ್ಟುಗಳನ್ನು ಹೆಕ್ಕತೊಡಗಿದಳು. ಹೆಕ್ಕಿದ್ದು ಮತ್ತೆ ಬೀಳುತ್ತಿತ್ತು. ಮೈತ್ರಿಯ ಮುಖ ಸುಡುವಂತೆ ಕೆಂಪಾಗಿತ್ತು. ಅವಳ ಸ್ನೇಹಿತೆಯರು ನೋಡುತ್ತಿದ್ದರು. ಇನ್ನು ಈ ಹುಡುಗಿ ನನ್ನನ್ನು ಹೆಸರು ಹಿಡಿದೂ ಕರೆಯುವುದಿಲ್ಲ ಎಂದುಕೊಂಡಳು ಮಧುರಾ. ಎದುರಿಗೆ ಇನ್ನೆರಡು ಕೈಗಳು ಬಂದು ಕ್ಯಾರೆಟ್ಟುಗಳನ್ನು ಎತ್ತಿ ಪೆಟ್ಟಿಗೆಗೆ ಹಾಕತೊಡಗಿದವು. ಒಂದು ರಟ್ಟೆಯ ಮೇಲೆ ಬೆರಳುಗಳ ಗುರುತು ಎದ್ದಿತ್ತು.

ಕೆಂಪು ಮೂಗಿನ ಹುಡುಗಿ ಮೈತ್ರಿಯ ಚೀಲವನ್ನು ತಾನೇ ಹೊತ್ತು ತಂದಳು. "ಅವಳ ತಂದೆ ಈಗ ಫೋನ್ ಎತ್ತಿದರು. ಕರೆದುಕೊಂಡು ಹೋಗಬಹುದು," ಎಂದಳು. ಮತ್ತೇನೋ ಹೇಳಬೇಕೆನಿಸಿದಂತೆ ನಿಂತಳು. "ಎತ್ತದಿದ್ದರೂ..." ಎಂದವಳು ಮುಗಿಸಲಿಲ್ಲ, ಮಧುರಾಳ ಕಿತ್ತ ಚಪ್ಪಲಿಯನ್ನು ಅವಳ ಕೈಗೆ ಕೊಟ್ಟು ಹೋದಳು.

ಕಾರಿನ ಹತ್ತಿರ ಬಂದರೂ ಮಧುರಾಗೆ ಕೀ ಕೈಯಲ್ಲಿ ನಿಲ್ಲಲಿಲ್ಲ. ಸಾರಿ ಎಂದಳು. ಎಲ್ಲರೆದುರಿಗೆ, ನಿನ್ನ ಫ್ರೆಂಡ್ಸ್ ಎದುರಿಗೆ, ನನಗೆ ಗೊತ್ತಿರಲಿಲ್ಲಮ್ಮ, ಸಾರಿ. ಮೈತ್ರಿ ಕೇಳಿಸಿಕೊಂಡಳೋ ಇಲ್ಲವೋ. ಕೀಯನ್ನು ಅವಳ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿದಳು. "ಈಗ ನೀನು ಡ್ರೈವ್ ಮಾಡಬಾರದು. ಕೈ ನೋಡು ಹೇಗೆ ಶೇಕ್ ಆಗ್ತಿದೆ," ಎಂದಳು ಇಂಗ್ಲಿಷಿನಲ್ಲಿ. ಆಮೇಲೆ ದಿಬ್ಬದ ಕಡೆ ಗಲ್ಲ ಎತ್ತಿ, "ಬಾ. ನಿಜವಾಗಿ ಹೋಗಬೇಕಾದ್ದು ಎಲ್ಲಿಗೆ ಅಂತ ತೋರಿಸ್ತೀನಿ."

ಕಿತ್ತ ಪಟ್ಟಿಯನ್ನು ಮೈತ್ರಿಯ ಕೂದಲಿನ ರಬ್ಬರ್ ಬ್ಯಾಂಡಿನಿಂದ ಕಟ್ಟಿ ಮಧುರಾ ಕುಂಟುತ್ತ ನಡೆದಳು. ದಾರಿ ಹಣ್ಣುಗಿಡಗಳ ಪಕ್ಕದಿಂದ ಹೊರಟು ಮನೆಗಳ ಹಿಂದೆ ಹಾದು ಮೇಲೇರಿತು. ಹುಡುಗಿ ಮುಂದೆ, ಅವಳು ಹಿಂದೆ. ಕ್ಯಾಂಪಿನ ಮೊದಲ ದಿನವೇ ಎಲ್ಲರನ್ನೂ ಈ ದಾರಿಯಲ್ಲಿ ಹತ್ತಿಸಿದ್ದರಂತೆ. ಶೂಗೆ ಕಲ್ಲು ಸೇರಿ ಮೈತ್ರಿ ಎಲ್ಲರಿಗಿಂತ ಹಿಂದೆ ಬಿದ್ದಳಂತೆ, ಅದು ಅವಮಾನ ಅನ್ನಿಸಿ ಮಾರನೆಯ ದಿನ ಬೆಳಿಗ್ಗೆ ಯಾರಿಗೂ ಹೇಳದೆ ಇನ್ನೊಂದು ಸಲ ಹತ್ತಿ ಬಂದಳಂತೆ. ಇಷ್ಟು ಮಾತುಗಳನ್ನು ಅವಳು ಒಟ್ಟಿಗೆ ಆಡಿದ್ದನ್ನು ಮಧುರಾ ಕೇಳಿರಲಿಲ್ಲ. ಮುಖ ನೋಡದೆ ನಡೆಯುವಾಗ ಮಾತು ಸುಲಭವಾಗುತ್ತದೇನೋ.

"ಇನ್ನೊಂದು ರೂಲ್ ಇದೆ," ಎಂದಳು ಮೈತ್ರಿ ತಿರುಗದೆ. "ಪೇರೆಂಟ್ಸ್ ಬರಬಾರದು. ಸೈರನ್ ಕೇಳಿಸಿದ್ರೆ ಅವರವರು ಎಲ್ಲಿರ್ತಾರೋ ಅಲ್ಲೇ ಮೇಲಕ್ಕೆ ಹೋಗಬೇಕು. ಮಕ್ಕಳನ್ನ ಹುಡುಕ್ಕೊಂಡು ಕೆಳಗೆ ಬಂದ್ರೆ ಇಬ್ಬರೂ ಹೋಗ್ತಾರೆ. ನೀನು ಎಲ್ಲಾ ಉಲ್ಟಾ ಮಾಡಿದೆ. ದಿಬ್ಬ ನಿನ್ನ ಪಕ್ಕದಲ್ಲೇ ಇತ್ತು."

"ಗೊತ್ತು. ಕಾಣಿಸ್ತು."

"ಮತ್ತೆ ಯಾಕೆ ನದಿ ಕಡೆ ಓಡಿದೆ?"

"ನೀನು ಅಲ್ಲಿದ್ದೆ."

ಮೈತ್ರಿಯ ಹೆಜ್ಜೆ ನಿಧಾನವಾಗಿ, ದಾರಿ ಅಗಲವಾದಲ್ಲಿ ಇಬ್ಬರೂ ಅಕ್ಕಪಕ್ಕವಾದರು. ಆ ಕ್ಷಣದಲ್ಲಿ ಮಧುರಾಗೆ ಎಲ್ಲವನ್ನೂ ಹೇಳಿಬಿಡಬೇಕು ಅನ್ನಿಸಿತು, ಲೈಬ್ರರಿಯ ಹಾಲು, ಮುಚ್ಚಿದ ಕಣ್ಣು, ಎಲ್ಲ. ನಾಲಿಗೆಯ ತುದಿಗೆ ಬಂತು. ಹೇಳಿದರೆ ಹಗುರಾಗುವವಳು ತಾನು. ಅದನ್ನು ಹೊತ್ತುಕೊಂಡು ಮನೆಗೆ ಬರಬೇಕಾದವಳು ಹದಿಮೂರು ವರ್ಷದವಳು. ಕಣ್ಣು ಮುಚ್ಚಿದಾಗ ಕಂಡದ್ದೂ ತನ್ನದೇ, ಸೈರನ್ನಿಗೆ ಓಡಿದ ಕಾಲೂ ತನ್ನದೇ. ಎರಡನ್ನೂ ಒಂದೇ ಹೆಂಗಸು ಇಟ್ಟುಕೊಂಡು ಬದುಕಬೇಕಾಗುತ್ತದೆ. ಮಾತು ಒಳಗೇ ಉಳಿಯಿತು, ಅಷ್ಟೇನೂ ಚುಚ್ಚಲಿಲ್ಲ.

ಮೇಲೆ ಬಯಲು, ಒಂದು ಬೇಲಿ, ಒಣಗಿದ ಹುಲ್ಲು. ಕೆಳಗೆ ಊರು ಆಟಿಕೆಯಂತೆ ಹರಡಿತ್ತು, ನದಿ ಹಾಲಿಗೆ ಮಣ್ಣು ಕಲಸಿದ ಬಣ್ಣದಲ್ಲಿ ಹೊಳೆಯುತ್ತಿತ್ತು, ಅದರಾಚೆ ಆಕಾಶದ ಅರ್ಧವನ್ನು ಬೆಟ್ಟ ತುಂಬಿತ್ತು. ಇಬ್ಬರೂ ಹುಲ್ಲಿನ ಮೇಲೆ ಕೂತರು. ಮೈತ್ರಿ ಚೀಲದಿಂದ ಬಾಡಿದ ಬಟಾಣಿ ಕಾಯಿಗಳನ್ನು ತೆಗೆದು ಮಧ್ಯೆ ಇಟ್ಟಳು, ತಾನೇ ಕಿತ್ತದ್ದು ಎಂದಳು. ಇಬ್ಬರೂ ಸಿಪ್ಪೆ ಸುಲಿಯತೊಡಗಿದರು.

"ನೀನು ನನ್ನನ್ನ ಏನೋ ಅಂದೆ," ಎಂದಳು ಮೈತ್ರಿ.

"ಏನೂ ಅನ್ಲಿಲ್ಲ."

"ಅಂದೆ. ಕತ್ತೆ ಅಂದೆ."

"ಅಯ್ಯೋ, ಸಾರಿಮ್ಮ. ಗಾಬರೀಲಿ ಬಾಯಿಗೆ ಏನು ಬಂತೋ..."

"ನೀನು ಹೇಳಿದ್ದು ತಪ್ಪು," ಎಂದಳು ಹುಡುಗಿ ಗಂಭೀರವಾಗಿ. "ಅದು ಕತ್ತೆ ಅಲ್ಲ, ಕತ್ತಿ. ಅಮ್ಮ ಕತ್ತಿ ಅಂತಿದ್ದಳು. ದಿನಾ. ಏ ಕತ್ತಿ, ಎದ್ದೇಳ. ಏ ಕತ್ತಿ, ಹಾಲ ಕುಡಿ." ಕೊನೆಯ ಮಾತುಗಳನ್ನು ಅವಳು ಧಾರವಾಡದ ರಾಗದಲ್ಲಿ, ಒಂದಿಷ್ಟೂ ಎಡವದೆ ಹೇಳಿದಳು. ಆ ರಾಗದಲ್ಲಿ ಇನ್ನೊಬ್ಬಳು ಹೆಂಗಸು ಸಣ್ಣದಾಗಿ ಕೆಮ್ಮಿ ಮಾತಾಡಿದಂತಾಯಿತು. ಎರಡು ವರ್ಷದಲ್ಲಿ ಮೈತ್ರಿ ಅವಳೆದುರಿಗೆ ಅಮ್ಮ ಎಂಬ ಮಾತನ್ನು ಬಾಯಿ ಬಿಟ್ಟು ಆಡಿದ್ದು ಇದೇ ಮೊದಲು.

ಮಧುರಾ ಒಂದು ಬಟಾಣಿಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. "ನಮ್ಮ ಮೈಸೂರ್ ಕಡೆ ಕತ್ತೆ ಅಂತೀವಿ. ಕತ್ತಿ ಅಂದ್ರೆ ಬೇರೆ."

"ಬೇರೆ ಅಂದ್ರೆ?"

"ರಾಜರ ಕೈಲಿರುತ್ತಲ್ಲ. ಯುದ್ಧದಲ್ಲಿ. ಸ್ವೋರ್ಡ್."

ಮೈತ್ರಿ ಅವಳ ಮುಖವನ್ನೇ ನೋಡಿದಳು. ತುಟಿಯ ಒಂದು ಕೊನೆ ಅಲುಗಿತು. "ಹಾಗಿದ್ರೆ ಅಮ್ಮ ಇಷ್ಟು ವರ್ಷ ನನ್ನನ್ನ ಸ್ವೋರ್ಡ್ ಅಂತ ಕರೀತಿದ್ದಳಾ?" ಎಂದವಳು ತಲೆ ಹಿಂದಕ್ಕೆ ಎಸೆದು, ಬಾಯಿ ಪೂರ್ತಿ ತೆರೆದು ನಕ್ಕಳು. ಮಧುರಾಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಹುಡುಗಿಯ ಕಣ್ಣಿಂದ ನೀರು ಹರಿಯತೊಡಗಿ, ಅದು ಎಲ್ಲಿಂದ ನಗು, ಎಲ್ಲಿಂದ ಅಳು ಎಂದು ತಿಳಿಯದಾದಾಗ ಮಧುರಾ ಕೈ ಚಾಚಿದಳು. ಕೈ ಅರ್ಧಕ್ಕೆ ನಿಲ್ಲಲಿಲ್ಲ. ಹುಡುಗಿಯ ಬೆವೆತ ನೆತ್ತಿಯ ಮೇಲೆ, ಹುಲ್ಲು ಕಡ್ಡಿ ಅಂಟಿದ್ದ ಕೂದಲಿನ ಮೇಲೆ ಅದು ಹೋಗಿ ಕೂತಿತು. ಮೈತ್ರಿ ಅದನ್ನು ಸರಿಸಲಿಲ್ಲ. ಬೆಟ್ಟ ಎದುರಿಗಿತ್ತು, ಬಿಳಿಯಾಗಿ, ಸುಮ್ಮನೆ.

ಇಳಿಯುವಾಗ ಹುಡುಗಿ ಮೂಗೊರೆಸಿಕೊಂಡು ಕೆಲಸದ ದನಿಗೆ ಮರಳಿದಳು. ಮನೆಯ ಮೂವರೂ ಬೇರೆ ಬೇರೆ ಕಡೆ ಇದ್ದಾಗ ಏನಾದರೂ ಆದರೆ ಎಲ್ಲಿ ಸೇರುವುದು ಎಂದು ಯಾರೂ ಯೋಚಿಸಿಯೇ ಇಲ್ಲ, ಟೇಪು ಹಚ್ಚಿದರೆ ಆಯಿತಾ ಎಂದು ಕೇಳಿದಳು. ಮಧುರಾ ತಾನು ಯೋಚಿಸಿಲ್ಲ ಎಂದು ಒಪ್ಪಿಕೊಂಡಳು. ತನ್ನ ಸ್ಕೂಲಿನ ಹಿಂದಿನ ಮೈದಾನ ಎಂದಳು ಮೈತ್ರಿ, ಅಪ್ಪನಿಗೂ ಅದನ್ನು ಉರು ಹೊಡೆಸಬೇಕು, ಅವನು ಮರೆಯುತ್ತಾನೆ. "ಇನ್ನೊಂದು. ಪ್ರಾಮಿಸ್ ಮಾಡು. ಮುಂದಿನ ಸಲ ನೀನು ನಿನ್ನ ದಿಬ್ಬ ಹತ್ತುತ್ತೀಯ. ನನ್ನನ್ನ ಹುಡುಕ್ಕೊಂಡು ಬರಲ್ಲ."

"ಆಯ್ತು."

ಮೈತ್ರಿ ನಿಂತು ತಿರುಗಿದಳು. "ನೀನು ಸುಳ್ಳು ಹೇಳ್ತಿದೀಯ," ಎಂದಳು, ಕನ್ನಡದಲ್ಲಿ.

ಮಧುರಾ ಕಾಲು ನೋಡಿಕೊಂಡಳು. ರಬ್ಬರ್ ಬ್ಯಾಂಡು ಹರಿದು ಚಪ್ಪಲಿ ಮತ್ತೆ ಬಾಯಿ ಬಿಟ್ಟಿತ್ತು. ಮೈತ್ರಿಯೂ ಅದನ್ನೇ ನೋಡಿದಳು. ದೊಡ್ಡವರ ಹಾಗೆ ಒಂದು ನಿಟ್ಟುಸಿರು ಬಿಟ್ಟಳು.

ದಾರಿಯಲ್ಲಿ ಹೈವೇಗೆ ಸೇರುವ ಮುನ್ನ ಸಿಕ್ಕ ಶೂ ಅಂಗಡಿಯಲ್ಲಿ ಕಾರು ನಿಲ್ಲಿಸಿದ್ದು ಮೈತ್ರಿಯ ಹಟಕ್ಕೆ. ಮಧುರಾ ಬೂದು ಬಣ್ಣದ್ದೊಂದು ಎತ್ತಿಕೊಂಡರೆ ಅವಳು ಅದನ್ನು ಕಸಿದು ವಾಪಸಿಟ್ಟು, ಅಡಿಭಾಗದಲ್ಲಿ ಹಲ್ಲಿರುವ ಕಿತ್ತಳೆ ಬಣ್ಣದ ಜೋಡಿ ತಂದಳು. ಮಂಡಿಯೂರಿ ಕೂತು, ತಾನೇ ದಾರ ಬಿಗಿದು, ಹೆಬ್ಬೆರಳಿನಿಂದ ಶೂವಿನ ಮೂತಿಯನ್ನು ಒತ್ತಿ ಒತ್ತಿ ನೋಡಿದಳು. ಇದನ್ನು ಅವಳಿಗೆ ಯಾರು ಕಲಿಸಿದ್ದರೋ. "ಬೆರಳಿಗೆ ಜಾಗ ಇದೆಯಾ?"

"ಇದೆ."

"ಸರಿಯಾಗಿ ಹೇಳು. ಚುಚ್ಚುತ್ತಾ?"

"ಇಲ್ಲ ಕಣೇ."

"ಓಡಿ ತೋರಿಸು."

"ಇಲ್ಲೇನಾ? ಅಂಗಡೀಲಿ? ಎಲ್ಲರೂ ನೋಡ್ತಾರೆ."

ಮೈತ್ರಿ ನೆಲದ ಮೇಲೆ ಕೂತಲ್ಲಿಂದಲೇ ಹುಬ್ಬು ಏರಿಸಿದಳು. ಗೋಡೆಯವರೆಗೆ ಹೋಗಿ ವಾಪಸು ಬರಬೇಕು ಎಂದು ಬೆರಳು ತೋರಿಸಿದಳು. ಮಧುರಾ ಆಚೀಚೆ ನೋಡಿದಳು. ಒಬ್ಬ ಮುದುಕ ಸಾಕ್ಸು ಆರಿಸುತ್ತಿದ್ದ, ಕೌಂಟರಿನ ಹಿಂದಿನ ಹೆಂಗಸು ತಲೆ ಎತ್ತಿದ್ದಳು. ಅವಳು ಓಡಿದಳು. ಶೂಗಳ ಎರಡು ಸಾಲುಗಳ ನಡುವೆ, ದುಪಟ್ಟಾ ಕೊರಳಿಗೆ ಸುತ್ತಿಕೊಂಡು, ಕಿತ್ತಳೆ ಬಣ್ಣದ ಕಾಲುಗಳಲ್ಲಿ ಧಡಧಡ ಸದ್ದು ಮಾಡುತ್ತ ಓಡಿದಳು. ಗೋಡೆ ಮುಟ್ಟಿ ತಿರುಗಿದಾಗ ಮುದುಕ ಸಾಕ್ಸು ಹಿಡಿದು ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ. ಆ ತುದಿಯಲ್ಲಿ ಮೈತ್ರಿ ಮಂಡಿಯ ಮೇಲೆ ಕೈಯೂರಿ, ಶೂ ಕಾಲಿಗೆ ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ತಜ್ಞೆಯ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಮಧುರಾ ವೇಗ ಕಡಿಮೆ ಮಾಡಲಿಲ್ಲ.